ಕಲೋ ಬೇಯಿಸಿ, ಕುಟ್ಟಿ, ಪೋಯಿ ಮಾಡುವ ಹವಾಯಿ ವಿಧಾನ

ಹವಾಯಿಗೆ ಹೋದವರು ಪೋಯಿಯನ್ನು ಮೊದಲು ನೋಡುವುದು ಸಾಮಾನ್ಯವಾಗಿ ಪ್ರವಾಸಿಗಳಿಗೆ ಹಾಕುವ ಲೂಆವು ಊಟದಲ್ಲಿ. ಚಿಕ್ಕ ಬಟ್ಟಲು, ಅದರಲ್ಲಿ ಬೂದು-ನೇರಳೆ ಬಣ್ಣದ ಏನೋ ಒಂದು. ಒಂದು ಚಮಚ ಹಾಗೇ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಗೋಂದು ತಿಂದ ಹಾಗಿದೆ ಅಂತ ಬಟ್ಟಲನ್ನು ಪಕ್ಕಕ್ಕೆ ತಳ್ಳಿಬಿಡುತ್ತಾರೆ. ಪೋಯಿ ಅಲ್ಲಿ ಇರುವುದು ಅನ್ನದ ಜಾಗದಲ್ಲಿ. ಸಾರು ಪಲ್ಯ ಏನೂ ಇಲ್ಲದೆ ಬರೀ ಅನ್ನ ತಿಂದು ಊಟ ಚೆನ್ನಾಗಿಲ್ಲ ಅಂದರೆ ಹೇಗೆ, ಅಲ್ವಾ?

ಪೋಯಿ ಅಂದರೆ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಕುಟ್ಟಿ ನೀರು ಬೆರೆಸಿದ್ದು, ಅಷ್ಟೇ. ಕೆಸುವಿಗೆ ಅಲ್ಲಿ ಕಲೋ ಅನ್ನುತ್ತಾರೆ. ಬೇರೆ ಏನೂ ಸೇರುವುದಿಲ್ಲ, ಉಪ್ಪು ಕೂಡ ಇಲ್ಲ. ಆದ್ದರಿಂದ ಪೋಯಿ ಚೆನ್ನಾಗಿ ಬರುವುದು ಬಿಡುವುದು ಎರಡು ವಿಷಯದ ಮೇಲೆ ನಿಂತಿದೆ: ಗೆಡ್ಡೆ ಎಷ್ಟು ಬೆಂದಿದೆ, ನೀರು ಯಾವಾಗ ಎಷ್ಟು ಹಾಕಿದಿರಿ.

ಮೊದಲು ಬೇಯಿಸುವುದು. ಒತ್ತಿದರೆ ಗಟ್ಟಿಯಾಗಿರುವ, ಕೈಗೆ ಭಾರ ಅನ್ನಿಸುವ ಗೆಡ್ಡೆ ಆರಿಸಿ, ಮೆತ್ತಗಾದ ಜಾಗ ಇದ್ದರೆ ಬೇಡ. ಮಣ್ಣು ಹೋಗುವ ಹಾಗೆ ಉಜ್ಜಿ ತೊಳೆಯಿರಿ, ಸಿಪ್ಪೆ ಮಾತ್ರ ತೆಗೆಯಬೇಡಿ. ಹಸಿ ಕಲೋದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ, ಕೈಯೂ ತುರಿಸುತ್ತದೆ, ಬಾಯಿಗೆ ಹೋದರೆ ನಾಲಿಗೆ ಗಂಟಲು ಎರಡೂ ಕೆರೆಯುತ್ತವೆ. ಹಳೆಯ ಕಾಲದಲ್ಲಿ ನೆಲದಲ್ಲಿ ಗುಂಡಿ ತೋಡಿ, ಬಿಸಿ ಕಲ್ಲು ತುಂಬಿ, ಎಲೆ ಮುಚ್ಚಿ ಬೇಯಿಸುತ್ತಿದ್ದರು. ಆ ಗುಂಡಿ ಒಲೆಗೆ ಇಮು ಅಂತ ಹೆಸರು. ಈಗ ಮನೆಗಳಲ್ಲಿ ದೊಡ್ಡ ಪಾತ್ರೆ ಅಥವಾ ಪ್ರೆಷರ್ ಕುಕ್ಕರ್. ಪಾತ್ರೆಯಲ್ಲಾದರೆ ದೊಡ್ಡ ಗೆಡ್ಡೆಗೆ ಎರಡು ಮೂರು ಗಂಟೆ ಬೇಕೇ ಬೇಕು. ಚಾಕು ಚುಚ್ಚಿದರೆ ನಡುವಿನವರೆಗೂ ತಡೆಯಿಲ್ಲದೆ ಇಳಿಯಬೇಕು. ಇಳಿದ ಮೇಲೆ ಒಳಗಿನಿಂದ ಒಂದು ಚೂರು ತಿಂದು ನೋಡಿ, ಒಂದೆರಡು ನಿಮಿಷ ಕಾಯಿರಿ. ಸ್ವಲ್ಪ ತುರಿಸಿದರೂ ಇನ್ನೂ ಬೇಯಲಿ. ಇಲ್ಲಿ ಅವಸರ ಮಾಡಿದರೆ ಆಮೇಲೆ ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ, ಎಲ್ಲರ ಗಂಟಲೂ ಕೆರೆಯುತ್ತದೆ. ಬೇಯಿಸಿದ ನೀರು ಚೆಲ್ಲಿಬಿಡಿ.

ಬಿಸಿ ಆರಿ ಕೈಯಲ್ಲಿ ಹಿಡಿಯುವಷ್ಟಾದಾಗ ಸಿಪ್ಪೆ ಹೆರೆಯಿರಿ. ಚಾಕುವಿನಲ್ಲಿ ಕತ್ತರಿಸಿದರೆ ತಿರುಳು ಜಾಸ್ತಿ ಹೋಗುತ್ತದೆ, ಚಮಚದ ಅಂಚು ಒಳ್ಳೆಯದು. ಹವಾಯಿಯವರು ಇದಕ್ಕೆ ಓಪಿಹಿ ಚಿಪ್ಪು ಬಳಸುತ್ತಿದ್ದರು, ಸಮುದ್ರದ ಬಂಡೆಗೆ ಕಚ್ಚಿಕೊಂಡಿರುವ ಒಂದು ಜೀವಿಯ ಚಿಪ್ಪು ಅದು. ಕಪ್ಪು ಚುಕ್ಕೆ, ಬೇರಿನ ಕಣ್ಣು, ನಾರು ಎಲ್ಲ ತೆಗೆಯಿರಿ. ಬೇಜಾರಿನ ಕೆಲಸ, ನಿಜ. ಆದರೆ ಇಲ್ಲಿ ಬಿಟ್ಟ ಪ್ರತಿಯೊಂದು ಗಟ್ಟಿ ಚೂರೂ ಕೊನೆಗೆ ಬೆರಳಿಗೆ ಸಿಗುತ್ತದೆ.

ಇನ್ನು ಕುಟ್ಟುವುದು. ಹಲಗೆ ಬೇಕು, ನಡುವೆ ತುಸು ತಗ್ಗಾಗಿರುವ ಉದ್ದನೆಯ ಮರದ ಹಲಗೆ. ಉದ್ದದ ಹಲಗೆಯಾದರೆ ಎರಡು ತುದಿಗೆ ಇಬ್ಬರು ಎದುರುಬದುರು ಕೂರಬಹುದು. ಕಲ್ಲು ಬಸಾಲ್ಟ್‌ನದು, ಕೆಳಗೆ ಅಗಲ, ಮೇಲೆ ಕೈಗೆ ಸಿಗುವ ಗುಬಟು. ಕವಾಯಿ ದ್ವೀಪದಲ್ಲಿ ಮಾತ್ರ ಉಂಗುರದ ಆಕಾರದ, ಎರಡು ಕೈಯಲ್ಲಿ ಹಿಡಿಯುವ ಕಲ್ಲುಗಳೂ ಇದ್ದವು. ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟುಕೊಳ್ಳಿ. ಹಲಗೆ ಒದ್ದೆ ಮಾಡಿ, ಎರಡು ಮೂರು ಗೆಡ್ಡೆ ಇಡಿ, ಮೊದಲು ಕಲ್ಲಿನಿಂದ ಒತ್ತಿ ಒಡೆಯಿರಿ. ಒಮ್ಮೆಲೇ ಜೋರಾಗಿ ಹೊಡೆದರೆ ಚೂರುಗಳು ಗೋಡೆಗೆ ಹಾರುತ್ತವೆ.

ಎಲ್ಲ ಒಡೆದು ಒಂದಾದ ಮೇಲೆ ಕಲ್ಲನ್ನು ಎತ್ತಿ ಬಿಡಿ. ಬಲ ಹಾಕಬೇಕಿಲ್ಲ, ಕಲ್ಲಿನ ಭಾರವೇ ಸಾಕು, ತೋಳಿನಿಂದ ಬಡಿಯಲು ಹೋದವರು ಐದೇ ನಿಮಿಷದಲ್ಲಿ ಸುಸ್ತಾಗುತ್ತಾರೆ. ನಾಲ್ಕಾರು ಪೆಟ್ಟಿಗೊಮ್ಮೆ ಇನ್ನೊಂದು ಕೈಯನ್ನು ನೀರಿಗೆ ಅದ್ದಿ ಕಲ್ಲಿನ ತಳವನ್ನು ಸವರಿ. ಆಗ ಕಲ್ಲು ಅಂಟುವುದಿಲ್ಲ. ಗಮನಿಸಿ, ನೀರು ಕಲ್ಲಿಗೆ, ಕಲೋಗೆ ಅಲ್ಲ. ಹೊಸಬರೆಲ್ಲ ಅಂಟುತ್ತಿದೆ ಅಂತ ಮೇಲೆಯೇ ನೀರು ಚಿಮುಕಿಸುತ್ತಾರೆ, ಆಗ ಗಂಟುಗಳು ಒಡೆಯದೆ ನೀರಿನಲ್ಲಿ ಜಾರಿಕೊಂಡು ಉಳಿದುಬಿಡುತ್ತವೆ. ಹರಡಿದ್ದನ್ನು ಕಲ್ಲಿನ ಅಂಚಿನಿಂದ ಹಲಗೆಗೆ ತಾಗಿಸಿ ಎಬ್ಬಿಸಿ, ಮಡಿಚಿ, ಮತ್ತೆ ಕುಟ್ಟಿ. ಪೆಟ್ಟಿನ ಸದ್ದು ಬದಲಾಗುತ್ತಾ ಹೋಗುತ್ತದೆ, ಮೊದಲು ಮೊಂಡು ಸದ್ದು, ಆಮೇಲೆ ಗಾಳಿ ಸಿಕ್ಕಿಕೊಂಡು ಪಟ್ ಪಟ್ ಅನ್ನುತ್ತದೆ. ಕೊನೆಗೆ ಗಂಟಿಲ್ಲದ, ಹೊಳೆಯುವ, ಎಳೆದರೆ ಹಿಗ್ಗುವ ಗಟ್ಟಿ ಮುದ್ದೆ ಸಿಗಬೇಕು. ಇದು ಪಾಯಿ ಆಯ್. ಟೀ ಅನ್ನುವ ಗಿಡದ ಅಗಲ ಎಲೆಯಲ್ಲಿ (ಕುಡಿಯುವ ಟೀಗೂ ಇದಕ್ಕೂ ಸಂಬಂಧವಿಲ್ಲ) ಬಿಗಿಯಾಗಿ ಸುತ್ತಿಟ್ಟರೆ ಬಹಳ ದಿನ ಕೆಡುವುದಿಲ್ಲ, ನೀರು ಸೇರಿಲ್ಲವಲ್ಲ. ನನ್ನನ್ನು ಕೇಳಿದರೆ ಪೋಯಿಗಿಂತ ಇದೇ ರುಚಿ.

ಒಂದು ವಿಚಿತ್ರ ನೋಡಿ. ಸಾವಿರಾರು ಜನರ ಹೊಟ್ಟೆ ತುಂಬಿಸಿದ ಈ ಮರ ಮತ್ತು ಕಲ್ಲು, ಆಧುನಿಕ ಆರೋಗ್ಯ ಇಲಾಖೆಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಕೈಯಲ್ಲಿ ಕುಟ್ಟಿದ್ದನ್ನು ಮಾರಲು ದಾರಿಯಾಗಿದ್ದು 2011ರಲ್ಲಿ, ಅದಕ್ಕೆಂದೇ ಕಾನೂನು ಬಂದ ಮೇಲೆ.

ಈಗ ಪೋಯಿ. ಬೇಕಾದಷ್ಟು ಪಾಯಿ ಆಯ್ ಬಟ್ಟಲಿಗೆ ಹಾಕಿ, ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತಾ ಕೈಯಲ್ಲೇ ಕಲೆಸಿ. ಹಿಂದಿನ ನೀರು ಪೂರ್ತಿ ಹೀರಿಕೊಂಡ ಮೇಲೆಯೇ ಮುಂದಿನದು. ಹದವನ್ನು ಅಳೆಯುವುದು ಬೆರಳಿನಲ್ಲಿ: ಒಂದೇ ಬೆರಳಿಗೆ ಸುತ್ತಿ ಬಂದರೆ ಗಟ್ಟಿ, ಎರಡು ಬೆರಳು ಬೇಕಾದರೆ ನಡುವಿನದು, ಮೂರು ಬೇಕಾದರೆ ತೆಳು. ಅಂದೇ ತಿಂದರೆ ತುಸು ಸಿಹಿ. ಎರಡು ಮೂರು ದಿನ ಹೊರಗೇ ಇಟ್ಟರೆ ಹುಳಿ ಬರುತ್ತದೆ, ಹಳಬರಿಗೆ ಅದೇ ಇಷ್ಟ. ಬಟ್ಟಲಿನ ಬದಿಗೆ ಅಂಟಿದ್ದನ್ನು ಕೆರೆದು ಕೆಳಗೆ ತಳ್ಳಿ, ಮೇಲೆ ತೆಳ್ಳಗೆ ನೀರು ನಿಲ್ಲಿಸಿ, ಬಟ್ಟೆ ಮುಚ್ಚಿ. ತಿನ್ನುವ ಮುಂಚೆ ಆ ನೀರು ಬಗ್ಗಿಸಿ ಕಲೆಸಿ. ಬೂಸ್ಟು ಬಂದಿದ್ದರೆ ಬೇಡ.

ಜೊತೆಗೆ ಉಪ್ಪಿನದು ಏನಾದರೂ ಇರಲೇಬೇಕು: ಇಮುವಿನಲ್ಲಿ ಬೆಂದ ಕಾಲುವಾ ಹಂದಿ, ಟೊಮೇಟೊ ಈರುಳ್ಳಿ ಹಾಕಿದ ಲೋಮಿ ಸಾಲ್ಮನ್, ಒಣಮೀನು. ಏನೂ ಇಲ್ಲದಿದ್ದರೆ ಹಸಿ ಈರುಳ್ಳಿ, ಹರಳುಪ್ಪು. ಒಂದು ತುತ್ತು ಅದು, ಒಂದು ಬೆರಳು ಇದು.

ಹಿರಿಯರಿರುವ ಮನೆಯಲ್ಲಿ ಕೂತಿದ್ದರೆ ಒಂದು ಮಾತು ನೆನಪಿರಲಿ. ಪೋಯಿ ಬಟ್ಟಲು ತೆರೆದಿರುವಾಗ ಜಗಳ ಆಡಬಾರದು. ಹವಾಯಿಯ ಕಥೆಯಲ್ಲಿ ವಾಕೇಯ ಮತ್ತು ಹೋಓಹೋಕೂಕಲನಿ ದಂಪತಿಯ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು, ಅದನ್ನು ಹೂತ ಜಾಗದಲ್ಲಿ ಕಲೋ ಗಿಡ ಎದ್ದಿತು. ಎರಡನೆಯ ಮಗುವಿಗೆ ಹಾಲೋವಾ ಅಂತ ಅಣ್ಣನ ಹೆಸರನ್ನೇ ಇಟ್ಟರು, ಜನರೆಲ್ಲ ಅವನ ವಂಶ. ಅಂದರೆ ಬಟ್ಟಲಿನಲ್ಲಿರುವುದು ಮನೆಯ ದೊಡ್ಡಣ್ಣ. ಇದು ಸುಮ್ನೆ ಹಳೆ ಕಥೆ ಅಲ್ಲ. ಹವಾಯಿ ವಿಶ್ವವಿದ್ಯಾಲಯ ಮೂರು ಕಲೋ ತಳಿಗಳಿಗೆ ಪೇಟೆಂಟ್ ಪಡೆದಾಗ, ಅಣ್ಣನಿಗೆ ಯಾರಾದರೂ ಮಾಲೀಕರಾಗುತ್ತಾರಾ ಅಂತ ರೈತರು ತಿರುಗಿಬಿದ್ದರು. 2006ರಲ್ಲಿ ವಿಶ್ವವಿದ್ಯಾಲಯ ಅವನ್ನು ಬಿಟ್ಟುಕೊಟ್ಟಿತು.

ಕಲೋ ಯಾಕೆ ಯಾವಾಗಲೂ ಸಿಗುವುದಿಲ್ಲ ಅಂತ ಕೇಳುವವರಿಗೆ: ನೀರು. ಲೋಯಿ ಅನ್ನುವ ಗದ್ದೆಗಳಲ್ಲಿ ತಣ್ಣನೆಯ ನೀರು ಹರಿಯುತ್ತಲೇ ಇರಬೇಕು, ನಿಂತು ಬಿಸಿಯಾದರೆ ಗೆಡ್ಡೆ ಕೊಳೆಯುತ್ತದೆ. 19ನೇ ಶತಮಾನದಲ್ಲಿ ಕಬ್ಬಿನ ತೋಟಗಳು ಹೊಳೆಗಳನ್ನೇ ತಿರುಗಿಸಿಕೊಂಡವು. ಕೊನೆಯ ದೊಡ್ಡ ಕಬ್ಬಿನ ತೋಟ ಮಾವಿ ದ್ವೀಪದಲ್ಲಿ 2016ರಲ್ಲಿ ಮುಚ್ಚಿತು, ನೀರಿನ ಜಗಳ ಇನ್ನೂ ಮುಗಿದಿಲ್ಲ. ಇಂದು ರಾಜ್ಯದ ಕಲೋದಲ್ಲಿ ದೊಡ್ಡ ಪಾಲು ಕವಾಯಿಯ ಹನಲೇಯ್ ಕಣಿವೆಯದು. 2018ರ ಏಪ್ರಿಲ್‌ನಲ್ಲಿ ಅದರ ಪಕ್ಕದ ವಾಯ್‌ಪಾದಲ್ಲಿ 24 ಗಂಟೆಯಲ್ಲಿ ಸುಮಾರು 1,262 ಮಿ.ಮೀ. ಮಳೆ ಸುರಿದು ಅಮೆರಿಕದ ದಾಖಲೆಯಾಯಿತು, ಗದ್ದೆಗಳು ಮುಳುಗಿದವು.

ಕುಟ್ಟುವಷ್ಟು ತಾಳ್ಮೆ ಇಲ್ಲದಿದ್ದರೆ ಅಲ್ಲಿನ ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದ ಪೋಯಿ ಸಿಗುತ್ತದೆ. ಚೀಲದಲ್ಲಿರುವುದು ಗಟ್ಟಿಯಾಗಿರುತ್ತದೆ, ಅದನ್ನು ಹಾಗೇ ತಿನ್ನಬೇಡಿ. ಬಾಯಿ ಬಿಚ್ಚಿ ಸ್ವಲ್ಪ ನೀರು ಹಾಕಿ, ಹೊರಗಿನಿಂದಲೇ ಹಿಸುಕಿ ಹಿಸುಕಿ ಕಲೆಸಿ, ಆಮೇಲೆ ಬಟ್ಟಲಿಗೆ ಹಿಂಡಿಕೊಳ್ಳಿ. ಮೊದಲ ಸಲ ತಿನ್ನುವವರು ಅಂದೇ ಬಂದ ಚೀಲ ಕೇಳಿ ತೆಗೆದುಕೊಳ್ಳಿ, ಹುಳಿ ಬಂದದ್ದನ್ನು ಆಮೇಲೆ ನೋಡಿದರಾಯಿತು.