ಬಾಗಿಲಿಗೆ ಯಾವ ಪೇಂಟ್? ಬಣ್ಣದ ಕಾರ್ಡ್ ಆಮೇಲೆ ನೋಡಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಳಬಾಗಿಲು ಏಳು. ಮೂರು ಅಜ್ಜನ ಕಾಲದ ಹಲಸಿನ ಮರದವು, ನಾಲ್ಕು ಆಮೇಲೆ ಹಾಕಿಸಿದ ಫ್ಲಶ್ ಡೋರ್, ಅಂದರೆ ಎರಡೂ ಬದಿ ಪ್ಲೈವುಡ್ ಅಂಟಿಸಿದ ಸಪಾಟು ಬಾಗಿಲು. ಅಂಗಡಿಗೆ ಹೋದ ಕೂಡಲೇ ಬಣ್ಣ ಯಾವುದು ಅಂತ ಕೇಳುತ್ತಾರೆ. ಮೊದಲು ನೋಡಬೇಕಾದ್ದು ಮರ ಯಾವುದು, ಬಾಗಿಲು ಎಲ್ಲಿದೆ ಅನ್ನೋದು.

ಹಲಸು, ಸಾಗುವಾನಿ, ಬೀಟೆಗೆ ದಯವಿಟ್ಟು ಪೇಂಟ್ ಬಳಿಯಬೇಡಿ. ಹಲಸಿನ ಹಳದಿ ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಯಾವ ಡಬ್ಬಿಯೂ ಕೊಡುವುದಿಲ್ಲ. ಪಾಲಿಶ್ ಸಾಕು.

ಫ್ಲಶ್ ಡೋರ್‌ಗೆ ಪೇಂಟೇ ಸರಿ. ಮರಕ್ಕೆ, ಕಬ್ಬಿಣಕ್ಕೆ ಹೊಡೆಯುವ ಪೇಂಟಿಗೆ ಎನಾಮಲ್ ಅನ್ನುತ್ತಾರೆ. ಅದರಲ್ಲಿ ಆಯಿಲ್ ಎನಾಮಲ್ ಗಟ್ಟಿ, ಹೊಳಪು ಜಾಸ್ತಿ. ಆದರೆ ವಾಸನೆ ಹೋಗಲು ದಿನಗಟ್ಟಲೆ ಬೇಕು. ಬಿಳಿಯಾದರೆ ಇನ್ನೊಂದು ತೊಂದರೆ. ಬೆಳಕು ಬೀಳದ ಕಡೆ ಹಳದಿಯಾಗುತ್ತದೆ. ಮೊದಲ ಸಲ ಮಲಗುವ ಕೋಣೆಗೆ ಅದನ್ನೇ ಹೊಡೆಸಿದ್ದೆ. ಎರಡನೇ ವರ್ಷ ಬಾಗಿಲಿನ ಕ್ಯಾಲೆಂಡರ್ ತೆಗೆದರೆ, ಅದರ ಹಿಂದೆ ಹಳೇ ಬೆಣ್ಣೆಯ ಬಣ್ಣದ ಚೌಕ! ತುಂಬಾ ಬೇಜಾರಾಯಿತು. ಈಗ ತಿಳಿ ಬಣ್ಣಕ್ಕೆಲ್ಲ ವಾಟರ್ ಬೇಸ್ಡ್ ಎನಾಮಲ್ ತರುತ್ತೇನೆ. ಅದು ಹಾಗೆ ಹಳದಿಯಾಗುವುದಿಲ್ಲ, ಬ್ರಷ್ಷನ್ನೂ ನೀರಲ್ಲೇ ತೊಳೆಯಬಹುದು. ಕಡು ಬಣ್ಣಕ್ಕೆ ಆಯಿಲ್ ಎನಾಮಲ್ ಆದರೂ ಚಿಂತೆಯಿಲ್ಲ. ದೇವರ ಕೋಣೆಯ ಹೊಸ್ತಿಲಿಗೆ ನಾನು ಇವತ್ತಿಗೂ ಅದೇ ಹಳದಿ ಆಯಿಲ್ ಎನಾಮಲ್ ಹಚ್ಚುತ್ತೇನೆ. ಅರಿಶಿನದ ಕಲೆ ಅದರಲ್ಲಿ ಎದ್ದು ಕಾಣುವುದಿಲ್ಲ.

ಹೊಳಪಿನಲ್ಲಿ ನನ್ನ ಆಯ್ಕೆ ಸ್ಯಾಟಿನ್, ಪೂರ್ತಿ ಹೊಳೆಯುವ ಗ್ಲಾಸಿಗೂ ಹೊಳಪೇ ಇಲ್ಲದ ಮ್ಯಾಟ್‌ಗೂ ನಡುವಿನದು. ಗ್ಲಾಸಿಯಲ್ಲಿ ಪುಟ್ಟಿಯ (ತೂತು, ಬಿರುಕು ಮುಚ್ಚಲು ಮೆತ್ತುವ ಪೇಸ್ಟಿನ) ಪ್ರತಿ ಉಬ್ಬುತಗ್ಗು ಕಾಣುತ್ತದೆ. ಮ್ಯಾಟ್ ಆದರೆ ಚಿಲಕದ ಸುತ್ತ ಕೈಗುರುತು ಒರೆಸಿದರೂ ಹೋಗುವುದಿಲ್ಲ.

ಹಳೇ ಪೇಂಟ್ ಮೇಲೆ ಹೊಡೆಯುವುದಾದರೆ ಅದು ಯಾವುದೆಂದು ತಿಳಿದುಕೊಳ್ಳಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಉಜ್ಜಿ. ಬಣ್ಣ ಹತ್ತಿಗೆ ಬಂದರೆ ವಾಟರ್ ಬೇಸ್ಡ್, ಬರದಿದ್ದರೆ ಆಯಿಲ್ ಇರಬೇಕು. ಆಯಿಲ್ ಮೇಲೆ ವಾಟರ್ ಬೇಸ್ಡ್ ಹೊಡೆಯುವ ಮುಂಚೆ 220 ನಂಬರ್ ಸ್ಯಾಂಡ್ ಪೇಪರ್‌ನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಪ್ರೈಮರ್ (ಪೇಂಟ್ ಹಿಡಿದುಕೊಳ್ಳಲು ಅಡಿಗೆ ಹೊಡೆಯುವ ಲೇಪ) ಹಚ್ಚಲೇಬೇಕು. ಇಲ್ಲದಿದ್ದರೆ ಉಗುರು ತಾಗಿದರೂ ಸಿಪ್ಪೆ ಏಳುತ್ತದೆ. ಉಜ್ಜುವಾಗ ವಾಟರ್ ಪೇಪರ್ (ನೀರಿಗೆ ಹಾಳಾಗದ ಸ್ಯಾಂಡ್ ಪೇಪರ್) ಬಳಸಿ, ಒದ್ದೆ ಮಾಡಿಕೊಂಡೇ ಉಜ್ಜಿ, ಮಕ್ಕಳನ್ನು ದೂರ ಇಡಿ. ಮನೆಯ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟ್‌ನ ಧೂಳಲ್ಲಿ ಸೀಸ ಜಾಸ್ತಿ ಇರಬಹುದು. ಗೋಡೆಯ ಸಿಮೆಂಟ್ ಪುಟ್ಟಿ ಉಳಿದಿದೆ ಅಂತ ಬಾಗಿಲಿಗೆ ಮೆತ್ತಬೇಡಿ, ಮರದ ಪುಟ್ಟಿಯೇ ಬೇರೆ.

ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲು ಎರಡೂ ಕಡೆ ಸೇರಿ 42 ಚದರ ಅಡಿ. ಚೌಕಟ್ಟೂ ಸೇರಿಸಿ ಎರಡು ಸಲ ಹಚ್ಚಲು ಒಂದು ಲೀಟರ್ ತಂದರೆ ಸಾಕಾಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಈ ಕೆಲಸ ಬೇಡ. ಮರ ನೀರು ಕುಡಿದು ಉಬ್ಬಿರುತ್ತದೆ, ಪೇಂಟ್ ಬೇಗ ಒಣಗುವುದಿಲ್ಲ. ಜನವರಿ, ಫೆಬ್ರವರಿ ಒಳ್ಳೆಯದು. ಮುಟ್ಟಿದರೆ ಅಂಟುವುದಿಲ್ಲ ಅಂತ ಆ ರಾತ್ರಿಯೇ ಬಾಗಿಲು ಹಾಕಬೇಡಿ, ಚೌಕಟ್ಟಿಗೆ ಕಚ್ಚಿಕೊಂಡು ಬೆಳಿಗ್ಗೆ ಪೇಂಟ್ ಕಿತ್ತು ಬರುತ್ತದೆ. ಇನ್ನೊಂದು, ಬಾಗಿಲಿನ ತಳದ ಅಂಚು. ಯಾರೂ ಅದಕ್ಕೆ ಹಚ್ಚುವುದೇ ಇಲ್ಲ, ಬಚ್ಚಲಿನ ಬಾಗಿಲು ಕೊಳೆಯಲು ಶುರುವಾಗುವುದೇ ಅಲ್ಲಿಂದ. ಕೀಲು ಬಿಚ್ಚಿ ಬಾಗಿಲನ್ನು ಅಡ್ಡ ಮಲಗಿಸಿ, ತಳಕ್ಕೂ ತಲೆಗೂ ಪ್ರೈಮರ್ ಒಂದು ಸಲ, ಪೇಂಟ್ ಎರಡು ಸಲ ಹಚ್ಚಿಸಿ. ಪೇಂಟರ್ ಹಚ್ಚುವಾಗ ಪಕ್ಕದಲ್ಲೇ ನಿಂತುಕೊಳ್ಳಿ.