ಕೈ ಕುಲುಕಿಸಿ ಕಳಿಸಿದ್ದು ನನ್ನ ತಪ್ಪು

ಎರಡು ವರ್ಷದ ಹಿಂದೆ ನನ್ನ ಒಂಬತ್ತನೇ ಕ್ಲಾಸಿನಲ್ಲಿ ಉಗ್ಗಿ ಮಾತಾಡುವ ಹುಡುಗನೊಬ್ಬ ಇದ್ದ. ಹಾಜರಿ ಕರೆದಾಗ ಅವನ ಬಾಯಿಂದ 'ಎಸ್ ಮಿಸ್' ಹೊರಡುವ ಮೊದಲೇ ಹಿಂದಿನ ಬೆಂಚಿನಿಂದ 'ಎ-ಎ-ಎ' ಅಂತ ಕೇಳುತ್ತಿತ್ತು. ಕ್ಲಾಸೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ. ಹಾಗಾಗಿ ಸುಮ್ನೆ ತಮಾಷೆ ಅಂದುಕೊಂಡುಬಿಟ್ಟೆ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ಬಿಸಿಯೂಟದ ಸಾಲಿನಲ್ಲಿ ಅವನೇ ಕೊನೆ. ತಟ್ಟೆ ಹಿಡಿದು ನಲ್ಲಿ ಹತ್ತಿರ ಒಬ್ಬನೇ ನಿಂತು ಉಣ್ಣುತ್ತಿದ್ದ. ಪದ್ಯ ಗಟ್ಟಿಯಾಗಿ ಓದಿಸುವ ದಿನ ಹೊಟ್ಟೆನೋವು ಅಂತ ರಜೆ.

ಗೋಳು ಹೊಯ್ದುಕೊಳ್ಳುತ್ತಿದ್ದವನನ್ನೂ ಇವನನ್ನೂ ಒಟ್ಟಿಗೆ ಸ್ಟಾಫ್ ರೂಮಿಗೆ ಕರೆದೆ. 'ಸಾರಿ ಕೇಳು, ಕೈ ಕುಲುಕು' ಅಂದೆ. ಆ ಸಂಜೆಯೇ ಹುಡುಗನಿಗೆ 'ಚಾಡಿಕೋರ' ಅನ್ನೋ ಹೆಸರೂ ಅಂಟಿತು. ಸಮಸಮ ಇರೋರ ಜಗಳಕ್ಕೆ ರಾಜಿ ನಡೆಯುತ್ತೆ. ಒಬ್ಬನದೇ ಕೈ ಮೇಲಿದ್ದು, ಅದು ದಿನಾ ನಡೆಯುತ್ತಿದ್ದರೆ ರಾಜಿ ಎಲ್ಲಿಂದ ಬಂತು? ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ 1970ರ ದಶಕದಿಂದಲೂ ಈ ವ್ಯತ್ಯಾಸವನ್ನೇ ಹೇಳುತ್ತಾ ಬಂದಿದ್ದರು. ನಾನು ಓದಿದ್ದು ತಡವಾಗಿ.

ಎರಡನೇ ಸಲ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡೆ. ಅವನ ಮಾತು ಮುಗಿಯುವವರೆಗೂ ಬಾಯಿ ಹಾಕಲಿಲ್ಲ. 'ಅವನಿಗೆ ಹೊಡೀಬೇಡಿ ಮಿಸ್. ಎಲ್ರೂ ನಗೋದು ನಿಂತ್ರೆ ಸಾಕು' ಅಂದ. ದಾರಿ ಅವನೇ ತೋರಿಸಿದ. ಮಕ್ಕಳ ಸಹಾಯವಾಣಿ 1098 ಅಂತ ಅವನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಟ್ಟೆ.

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನು ಕಾಡಿಸೋದನ್ನ ತಡೆಯುವ ಫಿನ್ಲೆಂಡಿನ 'ಕಿವಾ' ಕಾರ್ಯಕ್ರಮದಲ್ಲೂ ಸುತ್ತ ನಿಂತು ನೋಡುವ ಮಕ್ಕಳಿಗೇ ಹೆಚ್ಚು ಒತ್ತು. ನಗುತ್ತಿದ್ದ ಏಳು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದೆ. ಬೈಯಲಿಲ್ಲ. 'ಅವನನ್ನ ನೋಡಿದ್ರೆ ನಂಗೆ ಸಂಕಟ ಆಗುತ್ತೆ. ನಿನ್ ಕೈಲಿ ಏನಾಗುತ್ತೆ ಹೇಳು' ಅಂದೆ. ಒಬ್ಬಳು ಅತ್ತೇಬಿಟ್ಟಳು. ನಗದಿದ್ದರೆ ನಾಳೆ ತನ್ನ ಸರದಿ ಅನ್ನೋ ಹೆದರಿಕೆ ಅವಳಿಗೆ. ಇನ್ನೊಬ್ಬ 'ಊಟಕ್ಕೆ ನಾನು ಜೊತೆ ಕೂತ್ಕೋತೀನಿ ಮಿಸ್' ಅಂದ. ಕಾಡಿಸುತ್ತಿದ್ದವನಿಗೆ ಬೇರೆಯಾಗಿ, ಅವನ ಅಪ್ಪನನ್ನೂ ಕರೆಸಿ, ಇದು ನಡೆಯಲ್ಲ ಅಂತ ಖಡಾಖಂಡಿತ ಹೇಳಿದೆ.

ಮರುದಿನ ಹಾಜರಿಯಲ್ಲಿ 'ಎ-ಎ' ಬಂತು. ಯಾರೂ ನಗಲಿಲ್ಲ. ಫ್ಯಾನಿನ ಸದ್ದಷ್ಟೇ. ಅದರ ಮರುದಿನ ಇನ್ನೊಮ್ಮೆ ಬಂತು, ಸಣ್ಣಗೆ. ಮೂರನೇ ದಿನ ಬರಲಿಲ್ಲ.

ಹುಡುಗನ ಉಗ್ಗು ಹೋಗಲಿಲ್ಲ. ಆದರೆ ಗಟ್ಟಿ ಓದಿನ ದಿನ ರಜೆ ಹಾಕುವುದನ್ನು ಬಿಟ್ಟ. ಎರಡು ಸಾಲಿಗೆ ಸಮಯ ಹಿಡಿಯುತ್ತಿತ್ತು. ಕ್ಲಾಸು ಕಾಯುತ್ತಿತ್ತು.