ದಾಳಿಂಬೆ ಪಾಕ, ಹರವಿ ನೀರು: ಬೇಸಿಗೆಗೆ ನಮ್ಮ ಮನೆಯ ತಂಪು

ಏಪ್ರಿಲ್ ಬಂತೆಂದರೆ ಕೊಪ್ಪಳದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಅಂಗಡಿಯ ಬಣ್ಣದ ಬಾಟಲಿ ತರುವುದನ್ನು ಬಿಟ್ಟು ನಾನು ಹಣ್ಣಿನ ಪಾಕ ಮಾಡಿಡುತ್ತೇನೆ. ದಿನಾ ಹಣ್ಣು ಹಿಂಡುತ್ತಾ ಕೂರಲು ಯಾರಿಗೆ ಪುರುಸೊತ್ತು? ಪಾಕ ಇದ್ದರೆ ಬಂದವರು ಕಾಲು ತೊಳೆದು ಬರುವಷ್ಟರಲ್ಲಿ ಲೋಟ ತಯಾರು.

ನನ್ನ ಮೊದಲ ಆಯ್ಕೆ ದಾಳಿಂಬೆ. ಕುಷ್ಟಗಿ, ಯಲಬುರ್ಗಾ ಕಡೆ ಇದರ ತೋಟಗಳಿವೆ, ಮಳೆಗಾಲದ ಕೊನೆಗೆ ಹೂ ಬಿಡುವ ಹಸ್ತ ಬಹಾರ್ ಫಸಲು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಿಗೆ ಬರುತ್ತದೆ. ಗಿಡಕ್ಕೆ ನೀರು ಏರುಪೇರಾದರೆ ಕಾಯಿಯ ಸಿಪ್ಪೆ ಸೀಳುತ್ತದೆ. ಸೀಳಿದ ಹಣ್ಣಿಗೆ ಒಳ್ಳೆಯ ದರ ಸಿಗದು, ಹಾಗಾಗಿ ನಮ್ಮಂಥವರಿಗೆ ಅಗ್ಗಕ್ಕೆ ಸಿಗುತ್ತದೆ. ಆಗಷ್ಟೇ ಸೀಳಿದ್ದನ್ನು ಮಾತ್ರ ಆರಿಸುತ್ತೇನೆ. ಒಳಗೆ ಕಂದಿದ್ದರೆ, ಹುಳಿ ವಾಸನೆ ಬಂದರೆ ಇಡೀ ಹಣ್ಣು ತಿಪ್ಪೆಗೆ.

ಕಾಳನ್ನು ಮಿಕ್ಸಿಗೆ ಹಾಕುವುದಿಲ್ಲ. ಬೀಜ ಅರೆದರೆ ರಸ ಒಗರಾಗುತ್ತದೆ. ತೆಳು ಹತ್ತಿ ಬಟ್ಟೆಯಲ್ಲಿ ಕಾಳು ಕಟ್ಟಿ, ಪಾತ್ರೆಯ ಮೇಲೆ ಹಿಡಿದು ಅಂಗೈಯಿಂದ ಒತ್ತಿ ಹಿಂಡುತ್ತೇನೆ. ಬಟ್ಟೆ ಕೆಂಪಗಾಗಿ, ಬೆರಳ ಸಂದಿಯಿಂದ ರಸ ಇಳಿಯುತ್ತದೆ. ಕೊನೆಗೆ ಬಟ್ಟೆಯಲ್ಲಿ ಬಿಳಿಯ ಬೀಜಗಳಷ್ಟೇ ಉಳಿಯುತ್ತವೆ. ತಡ ಹಿಡಿಯುತ್ತದೆ, ಆದರೆ ಆ ರುಚಿಗೆ ಬೇರೆ ದಾರಿ ಇಲ್ಲ.

ಒಂದು ಲೀಟರ್ ರಸಕ್ಕೆ ಒಂದೂವರೆ ಕಿಲೋ ಸಕ್ಕರೆ, ಅರ್ಧ ಲೀಟರ್ ನೀರು. ಸಕ್ಕರೆ ನೀರನ್ನು ಕುದಿಸಿ, ಸೋಸಿ, ಪೂರಾ ಆರಲು ಬಿಡಬೇಕು. ಪಾತ್ರೆ ಮುಟ್ಟಿದರೆ ತಣ್ಣಗಿರಬೇಕು, ಆಗಲೇ ದಾಳಿಂಬೆ ರಸ, ನಾಲ್ಕು ನಿಂಬೆಹಣ್ಣಿನ ರಸ ಬೆರೆಸುವುದು. ಬಿಸಿ ಪಾಕಕ್ಕೆ ಸುರಿದರೆ ಹಸಿ ಹಣ್ಣಿನ ಪರಿಮಳ ಹೋಗಿಬಿಡುತ್ತದೆ. ನಿಂಬೆಯನ್ನು ಜೋರಾಗಿ ಹಿಂಡಬೇಡಿ, ಸಿಪ್ಪೆಯ ಕಹಿ ಇಳಿಯುತ್ತದೆ.

ಕುಡಿಯುವಾಗ ಒಂದು ಪಾಲು ಪಾಕಕ್ಕೆ ಮೂರು ಪಾಲು ಸೋಡಾ, ಚಿಟಿಕೆ ಸೈಂಧವ ಲವಣ. ಸೋಡಾ ಚೆನ್ನಾಗಿ ತಣ್ಣಗಿರಲಿ, ಬೆಚ್ಚಗಿನ ನೀರಿನಲ್ಲಿ ಗ್ಯಾಸ್ ನಿಲ್ಲುವುದಿಲ್ಲ. ಲೋಟ ವಾರೆ ಹಿಡಿದು ಅಂಚಿನಿಂದ ನಿಧಾನ ಸುರಿದು, ಚಮಚದಿಂದ ಒಂದೇ ಸುತ್ತು ತಿರುಗಿಸಿದರೆ ಸಾಕು. ನಮ್ಮ ಮಾವನವರಿಗೆ ಮಾತ್ರ ಇದು ಬೇಡ. ಹೊಲದಿಂದ ಬಂದು, "ಸೋಡಾ ಮೂಗಿಗೆ ಏರತೈತಿ, ನನಗ ಹರವಿ ನೀರಾಗ ಕಲಸಿ ಕೊಡವಾ" ಅನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ. ಹರವಿ ಅಂದರೆ ನೀರಿಡುವ ಮಣ್ಣಿನ ಗಡಿಗೆ. ಅದರ ರಂಧ್ರಗಳಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣಿಯುತ್ತದೆ. ನಮ್ಮದು ಒಣಗಾಳಿಯ ಸೀಮೆ, ಆದ್ದರಿಂದ ಇಲ್ಲಿ ಹರವಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರೆಂಟ್ ಹೋದ ಮಧ್ಯಾಹ್ನ ನಮಗೆಲ್ಲ ಅದೇ ಗತಿ.

ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ತಿರುಳು ಕಿವುಚಿ, ಬೆಲ್ಲ, ಏಲಕ್ಕಿ, ಹುರಿದ ಜೀರಿಗೆ ಪುಡಿ ಹಾಕಿದರೆ ಪಾನಕ ಆಯಿತು. ಇದಕ್ಕೆ ಹರವಿ ನೀರೇ ಚೆಂದ. ಕಲ್ಲಂಗಡಿಯನ್ನು ನಾನು ಪಾಕ ಮಾಡುವುದಿಲ್ಲ, ಅದರ ತುಂಬ ನೀರೇ. ಹೆಚ್ಚಿ ತಿನ್ನುವುದೇ ಮೇಲು.

ಅತ್ತೆಯವರಿಗೆ ಶುಗರ್ ಇದೆ, ಅವರಿಗೆ ನಿಂಬೆ, ಉಪ್ಪು, ಜೀರಿಗೆಯ ನೀರು ಬೇರೆಯೇ ಮಾಡುತ್ತೇನೆ.

ಪಾಕವನ್ನು ಕುದಿವ ನೀರಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲೇ ಇಡಿ, ಎರಡು ವಾರದೊಳಗೆ ಮುಗಿಸಿ. ಒದ್ದೆ ಚಮಚ ಅದ್ದಬೇಡಿ. ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬಂದರೆ, ಮೇಲೆ ನೊರೆ ಕಂಡರೆ ಅದು ಹುಳಿತಿದೆ. ರುಚಿ ನೋಡದೆ ಚೆಲ್ಲಿಬಿಡಿ.